ಹುಣಸೆ ಬೀಜದ ಲೆಕ್ಕ

ಕೆ.ಆರ್. ಪೇಟೆಯಲ್ಲಿ ನನ್ನ ಅಣ್ಣನ ಮಗ ಅರ್ಜಿ ತುಂಬಿಕೊಡುವ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಎರಡು ಹಳೆಯ ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಯಂತ್ರ, ಗೋಡೆಗೆ ತಾಗಿಸಿದ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಇಷ್ಟೇ ಅವನ ಬಂಡವಾಳ. ಪಹಣಿ, ಜಾತಿ-ಆದಾಯ ಪತ್ರ, ಮಕ್ಕಳ ವಿದ್ಯಾರ್ಥಿವೇತನ ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ಜನ ಬರುತ್ತಲೇ ಇರುತ್ತಾರೆ. ಅವನ ಸಹಾಯಕ್ಕೆ ನಾಗಮಂಗಲದಿಂದ ಒಬ್ಬ ಹುಡುಗಿ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ತಂದೆ ತೀರಿಕೊಂಡು ಮೂರು ವರ್ಷವಾಗಿದೆ. ತಾಯಿ ಹೊಲಿಗೆ ಮಾಡುತ್ತಾರೆ. ತಮ್ಮನ ಓದು, ಮನೆಯ ರೇಷನ್ ಎಲ್ಲವೂ ಈ ಹುಡುಗಿಯ ಸಂಬಳದ ಮೇಲೆ ನಿಂತಿದೆ.

ಕಳೆದ ವರ್ಷದ ಮಾತು. ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಒಬ್ಬ ವಿದ್ಯಾರ್ಥಿನಿಯ ಅರ್ಜಿ ಮುಕ್ಕಾಲು ಭಾಗ ತುಂಬಿತ್ತು. ಆದಾಯ ಪತ್ರದ ಸಂಖ್ಯೆ ಬೇಕಾಯಿತು. ಅವಳ ತಂದೆ ತರುತ್ತೇನೆಂದು ಮನೆಗೆ ಹೋದರು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಬುತ್ತಿ ಬಿಚ್ಚಿದಳು. ಊಟ ಮುಗಿಸಿ ಮತ್ತೆ ತೆರೆದರೆ ಪರದೆ ಕಪ್ಪು. ಯಂತ್ರದ ದೀಪ ಉರಿಯುತ್ತಿದೆ, ಒಳಗೆ ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಣ್ಣು ಬಿಡುತ್ತಿಲ್ಲ. ಕೊನೆಗೆ ಗುಂಡಿ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಬೇಕಾಯಿತು. ತುಂಬಿದ್ದೆಲ್ಲ ಹೋಗಿತ್ತು. ಅಷ್ಟರಲ್ಲಿ ಎಲ್ಲ ಊರಿನವರೂ ಕೊನೆಯ ದಿನವೆಂದು ಮುಗಿಬಿದ್ದು ಆ ವೆಬ್‌ಸೈಟ್ ಕುಂಟತೊಡಗಿತ್ತು. ರಾತ್ರಿ ಹನ್ನೆರಡಾಯಿತು, ಬಾಗಿಲು ಮುಚ್ಚಿತು. ಆ ಮಗುವಿಗೆ ಆ ವರ್ಷದ ಹಣ ಬರಲಿಲ್ಲ.

ಮರುದಿನ ತಂದೆ ಬಂದು ಅಂಗಡಿಯ ಮುಂದೆ ನಿಂತು ಕೂಗಾಡಿದರು. ಅವರ ಸಂಕಟ ಅವರಿಗೆ. ಆದರೆ ಕೂಗಾಟದ ಬಿಸಿ ಕೊನೆಗೆ ಇಳಿದದ್ದು ನಾಗಮಂಗಲದ ಹುಡುಗಿಯ ಮೇಲೆ. ಎರಡು ವಾರ ಮೊದಲು ಪರದೆಯ ಮೇಲೆ ‘ಅಪ್‌ಡೇಟ್ ಮಾಡಲೇ?’ ಎಂದು ಬಂದಾಗ ಹೂಂ ಎಂದು ಒತ್ತಿದವಳು ಅವಳೇ. “ಸರಿಯಿದ್ದದ್ದನ್ನು ಕೆಡಿಸಿದವಳು ನೀನು. ಸೋಮವಾರದಿಂದ ಬರಬೇಡ” ಎಂದುಬಿಟ್ಟ ನನ್ನ ಅಣ್ಣನ ಮಗ.

ಇದೆಲ್ಲ ನನಗೆ ತಿಳಿದದ್ದು ಪಾಂಡವಪುರದಲ್ಲಿ, ತಂಗಿಯ ಮನೆಯಲ್ಲಿ. ಬಕ್ರೀದ್ ರಜೆಗೆ ಶ್ರೀರಂಗಪಟ್ಟಣದಿಂದ ನಾನೂ ಹೋಗಿದ್ದೆ. ಅಣ್ಣನ ಮಗ ಆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಮೈಸೂರಿಗೆ ಒಯ್ದು ‘ಫಾರ್ಮ್ಯಾಟ್’ ಹೊಡೆಸುತ್ತೇನೆ, ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಸರಿಹೋಗುತ್ತದೆ ಎಂದ. ನಿಜ ಹೇಳಬೇಕೆಂದರೆ ನನಗೂ ಆ ಹುಡುಗಿಯದೇ ತಪ್ಪೆಂದು ತೋರಿತು. ಕೇಳದೆ ಯಾಕೆ ಒತ್ತಬೇಕಿತ್ತು?

ತಂಗಿಯ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಏನು ಕೆಲಸವೆಂದು ನಾವ್ಯಾರೂ ಸರಿಯಾಗಿ ಕೇಳಿದವರಲ್ಲ. ಗಂಡು ನೋಡಲು ಬಂದವರು ಕೇಳಿದಾಗಲೂ “ಕಂಪ್ಯೂಟರ್” ಎಂದಷ್ಟೇ ಹೇಳಿ ಮುಗಿಸಿದ್ದೆವು. ಅವಳು ತಮ್ಮನ ಕೈಯಿಂದ ಚೀಲ ತೆಗೆದುಕೊಂಡಳು. “ಅಳಿಸಬೇಡ. ಅಳಿಸಿದರೆ ಏನಾಗಿತ್ತೆಂಬ ಗುರುತೂ ಅಳಿಸಿಹೋಗುತ್ತದೆ. ಮೊದಲು ಸರಿಯಿತ್ತೇ? ಯಾವಾಗಿನಿಂದ ಹೀಗೆ? ಪ್ರತಿ ಸಲವೂ ಹೀಗಾಗುತ್ತದೆಯೇ?” ಎಂದು ಕೇಳಿದಳು. ಮೊದಲ ಎರಡಕ್ಕೆ ಉತ್ತರವಿತ್ತು. ಮೂರನೆಯದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಆ ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸ್. ಹಣ ಕೊಟ್ಟು ಕೊಳ್ಳಬೇಕಿಲ್ಲವೆಂದು ಅದನ್ನು ಹಾಕಿಸಿದ್ದ. ಅದು ಅಪ್‌ಡೇಟ್ ಆದಾಗ ಹಳೆಯದನ್ನು ಪೂರ್ತಿ ಎಸೆಯುವುದಿಲ್ಲವಂತೆ. ಹಿಂದಿನ ಕರ್ನೆಲ್ ಕೂಡ ಯಂತ್ರದಲ್ಲೇ ಉಳಿದಿರುತ್ತದೆ. ಯಂತ್ರ ಹಚ್ಚುವಾಗ ಬರುವ ಪಟ್ಟಿಯಿಂದ ಆ ಹಳೆಯದನ್ನು ಆರಿಸಿ, ಮುಚ್ಚಿ ತೆರೆದು ನೋಡಿದಳು. ಎಷ್ಟು ಸಲ ಮಾಡಿದರೂ ಪರದೆ ಬೆಳಗಿತು. ಹೊಸದರಲ್ಲಿ ನೋಡಿದರೆ ಒಮ್ಮೊಮ್ಮೆ ಕಪ್ಪು. “ನೋಡು, ಯಂತ್ರ ಕೆಟ್ಟಿಲ್ಲ. ಕೆಟ್ಟಿರುವುದು ಹೊಸ ಕರ್ನೆಲ್. ನಾಳೆಯಿಂದ ಹಳೆಯದರಲ್ಲೇ ಅಂಗಡಿ ನಡೆಸಬಹುದು. ಆದರೆ ಹಾಗೇ ಬಿಡಬಾರದು. ಹೊಸದರಲ್ಲಿ ಕಳ್ಳರಿಗೆ ದಾರಿ ಮುಚ್ಚುವ ಎಷ್ಟೋ ತಿದ್ದುಪಡಿಗಳಿರುತ್ತವೆ. ಅಪ್‌ಡೇಟ್ ಒತ್ತಿ ಆ ಹುಡುಗಿ ಸರಿಯಾದದ್ದನ್ನೇ ಮಾಡಿದ್ದಾಳೆ” ಎಂದಳು. ಅವನು ಉತ್ತರ ಕೊಡಲಿಲ್ಲ.

ಕರ್ನೆಲ್ ಎಂದರೇನೆಂದು ಅಮ್ಮಿ ಕೇಳಿದರು. ಅಮ್ಮಿಗೆ ಎಂಬತ್ತರ ಹತ್ತಿರ ವಯಸ್ಸು, ಆದರೆ ಏನನ್ನೂ ಕೇಳದೆ ಬಿಡುವವರಲ್ಲ. ಮೊಮ್ಮಗಳು ಹೇಳಿದಳು: “ನಾನೀ, ಮದುವೆ ಮನೆಯಲ್ಲಿ ಒಬ್ಬ ಹಿರಿಯರು ಉಗ್ರಾಣದ ಬೀಗದ ಕೈ ಇಟ್ಟುಕೊಂಡು ಕೂತಿರುತ್ತಾರಲ್ಲ, ಹಾಗೆ. ಅಡುಗೆಯವರಿಗೆ ಪಾತ್ರೆ ಬೇಕು, ಬಡಿಸುವವರಿಗೆ ತಟ್ಟೆ ಬೇಕು, ಎಲ್ಲರೂ ಅವರನ್ನೇ ಕೇಳಬೇಕು. ಯಾರೂ ತಾವಾಗಿ ಉಗ್ರಾಣಕ್ಕೆ ನುಗ್ಗುವಂತಿಲ್ಲ. ಕಂಪ್ಯೂಟರಿನಲ್ಲಿ ಪರದೆ, ಕೀಲಿಮಣೆ, ನೆನಪು, ಬ್ಯಾಟರಿ ಇವೆಲ್ಲದರ ಬೀಗದ ಕೈ ಇರುವುದು ಕರ್ನೆಲ್ ಹತ್ತಿರ.” ಲಿನಕ್ಸ್ ಕರ್ನೆಲನ್ನು 1991ರಲ್ಲಿ ಶುರುಮಾಡಿದವರು ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್. ಇಂದು ಪ್ರಪಂಚದ ಸಾವಿರಾರು ಜನ ಅದಕ್ಕೆ ಕೈಜೋಡಿಸುತ್ತಾರೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗೂ ಇರುವುದು ಅದೇ. ಸುಮಾರು ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ. ಒಂದೊಂದರಲ್ಲೂ ಹತ್ತು ಹದಿನಾಲ್ಕು ಸಾವಿರ ಬದಲಾವಣೆ. ನಿನ್ನೆ ನಡೆಯುತ್ತಿದ್ದದ್ದು ಹೊಸ ಆವೃತ್ತಿಯಲ್ಲಿ ನಡೆಯದೆ ಹೋದರೆ ಅದಕ್ಕೆ ಅವರು ರಿಗ್ರೆಷನ್ ಎನ್ನುತ್ತಾರೆ. ಹಿಂದಕ್ಕೆ ಬಿದ್ದದ್ದು ಎಂದರ್ಥ.

ಲ್ಯಾಪ್‌ಟಾಪಿನ ಹಳೆಯ ಮತ್ತು ಹೊಸ ಕರ್ನೆಲಿನ ನಡುವೆ ಸುಮಾರು ಸಾವಿರ ಬದಲಾವಣೆಗಳಿದ್ದವು. ಅದರಲ್ಲಿ ಒಂದು ಈ ಪರದೆಯನ್ನು ಕಪ್ಪು ಮಾಡುತ್ತಿದೆ. ಯಾವುದು? ಒಂದೊಂದನ್ನೇ ನೋಡುತ್ತ ಹೋದರೆ ಮುಂದಿನ ಬಕ್ರೀದ್ ಬರುತ್ತದೆ ಎಂದ ಅಣ್ಣನ ಮಗ.

ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ತಂಗಿಯ ಗಂಡ ಬಾಯಿ ಬಿಟ್ಟರು. ಅವರಿಗೆ ವಿಶ್ವೇಶ್ವರಯ್ಯ ನಾಲೆಯ ಒಂದು ಸಣ್ಣ ಕವಲಿನ ತುದಿಯಲ್ಲಿ ಎರಡು ಎಕರೆ ಗದ್ದೆಯಿದೆ. ಕನ್ನಂಬಾಡಿಯಲ್ಲಿ ನೀರು ಬಿಟ್ಟರೂ ಎಷ್ಟೋ ಸಲ ತುದಿಯ ಗದ್ದೆಗೆ ಬರುವುದಿಲ್ಲ. ಎಲ್ಲೋ ಕಟ್ಟಿಕೊಂಡಿರುತ್ತದೆ, ಇಲ್ಲವೇ ಏರಿ ಒಡೆದು ಹರಿದುಹೋಗುತ್ತಿರುತ್ತದೆ. “ನಾನೇನು ಗದ್ದೆಯಿಂದ ತೂಬಿನವರೆಗೆ ಹೆಜ್ಜೆ ಹೆಜ್ಜೆಗೂ ನೋಡುತ್ತ ಹೋಗುತ್ತೇನೆಯೇ? ಗಾಡಿ ಹತ್ತಿ ಸೀದಾ ಅರ್ಧ ದಾರಿಗೆ ಹೋಗುತ್ತೇನೆ. ಅಲ್ಲಿ ನೀರಿದ್ದರೆ ತೊಂದರೆ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಉಳಿದ ಅರ್ಧದಲ್ಲಿ ಮತ್ತೆ ಅರ್ಧಕ್ಕೆ” ಎಂದರು.

ಮಗಳು ಅಪ್ಪನನ್ನೇ ನೋಡಿದಳು. “ಅಬ್ಬಾ, ನಾನು ಮಾಡುವುದೂ ಅದನ್ನೇ.” ಸಾವಿರ ಬದಲಾವಣೆಗಳ ಮಧ್ಯಕ್ಕೆ ಹೋಗಿ, ಅಲ್ಲಿಯವರೆಗಿನ ಕರ್ನೆಲನ್ನು ತಯಾರಿಸಿ ಹಾಕಿ ನೋಡುವುದು. ಸರಿಯಿದ್ದರೆ ಮುಂದಿನ ಐನೂರರಲ್ಲಿ ಹುಡುಕು, ಕೆಟ್ಟಿದ್ದರೆ ಹಿಂದಿನ ಐನೂರರಲ್ಲಿ. ಐನೂರು ಇನ್ನೂರೈವತ್ತಾಗುತ್ತದೆ, ಅದು ನೂರಿಪ್ಪತ್ತೈದಾಗುತ್ತದೆ. ಹತ್ತು ಪರೀಕ್ಷೆಯಲ್ಲಿ ಒಂದೇ ಒಂದು ಉಳಿಯುತ್ತದೆ. ಹದಿನಾರು ಸಾವಿರವಿದ್ದರೂ ಹದಿನಾಲ್ಕೇ ಪರೀಕ್ಷೆ ಸಾಕು. ಕರ್ನೆಲಿನ ಬದಲಾವಣೆಗಳ ದಾಖಲೆ ಇಡಲು ಲೀನಸ್ 2005ರಲ್ಲಿ ಗಿಟ್ ಎಂಬ ಸಾಧನ ಮಾಡಿದರು. ಅದೇ ವರ್ಷ ಅದಕ್ಕೆ ಸೇರಿದ ‘ಬೈಸೆಕ್ಟ್’ ಎಂಬ ಆಜ್ಞೆ ಈ ಅರ್ಧದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ನಾವು ‘ಸರಿ’ ಅಥವಾ ‘ಕೆಟ್ಟದು’ ಎಂದು ಹೇಳುತ್ತ ಹೋದರಾಯಿತು.

ಹೇಳಲು ಸುಲಭ. ತನ್ನ ಲ್ಯಾಪ್‌ಟಾಪಿನಲ್ಲಿ ಕರ್ನೆಲ್ ತಯಾರಿಸಿ ಹಳೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಲು ಅವಳಿಗೆ ಒಂದೊಂದು ಸಲವೂ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಮೊದಲ ರಾತ್ರಿ ನಾವೆಲ್ಲ ಮಲಗಿದ ಮೇಲೂ ಕುಳಿತಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಮುಖ ಸಪ್ಪೆ. ಹತ್ತು ಪರೀಕ್ಷೆ ಮುಗಿಸಿ ಒಂದು ಬದಲಾವಣೆಗೆ ತಲುಪಿದ್ದಳು. ಆದರೆ ಅದು ಆ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲದ ಒಂದು ಬಿಡಿಭಾಗಕ್ಕೆ ಸೇರಿದ್ದು. ಇಲ್ಲದ ಭಾಗ ಪರದೆಯನ್ನು ಕೆಡಿಸುವುದು ಹೇಗೆ? ಎಲ್ಲೋ ಒಂದು ಕಡೆ ‘ಕೆಟ್ಟದು’ ಎನ್ನಬೇಕಾದಲ್ಲಿ ‘ಸರಿ’ ಎಂದಿದ್ದಾಳೆ. ಒಂದು ಸುಳ್ಳು ಉತ್ತರ ಸಾಕು, ಅಲ್ಲಿಂದ ಮುಂದೆ ಹುಡುಕಿದ್ದೆಲ್ಲ ತಪ್ಪು ಅರ್ಧದಲ್ಲಿ.

ಆಗ ಅವಳಿಗೆ ತನ್ನ ಮೂರನೆಯ ಪ್ರಶ್ನೆ ನೆನಪಾಯಿತು. ನಾಗಮಂಗಲಕ್ಕೆ ಫೋನ್ ಹಚ್ಚಿದಳು. ಆ ಹುಡುಗಿ ಮೊದಲು ಹೆದರಿದಳಂತೆ, ಇನ್ನೇನು ಬೈಗುಳವೋ ಎಂದು. ಪ್ರತಿ ಸಲವೂ ಪರದೆ ಕಪ್ಪಾಗುತ್ತಿತ್ತೇ ಎಂದು ಕೇಳಿದಾಗ, “ಇಲ್ಲ ಆಪಾ, ಮೂರು ಸಲಕ್ಕೆ ಒಂದು ಸಲ. ನಾನು ಟೋಕನ್ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ” ಎಂದಳು. ಅಪ್‌ಡೇಟ್ ಆದ ದಿನದಿಂದ ಯಾವ ತಾರೀಖು, ಎಷ್ಟು ಸಲ ಮುಚ್ಚಿದ್ದು, ಎಷ್ಟು ಸಲ ತೆರೆಯಲಿಲ್ಲ, ಎಲ್ಲವೂ ಅಲ್ಲಿತ್ತು. ಯಜಮಾನನಿಗೆ ಎರಡು ಸಲ ಹೇಳಿಯೂ ಇದ್ದಳು. “ಹೌದು, ಏನೋ ಹೇಳಿದ್ದಳು, ಅಂದು ಗಿರಾಕಿಗಳಿದ್ದರು” ಎಂದ ಅಣ್ಣನ ಮಗ, ಮೆಲ್ಲಗೆ.

ಆ ಪುಸ್ತಕದ ಬೆಲೆ ಆಮೇಲೆ ನಮಗೆ ಗೊತ್ತಾಯಿತು. ಮೂರಕ್ಕೊಂದು ಸಲ ಮಾತ್ರ ಕೆಡುವ ಯಂತ್ರವನ್ನು ಎರಡೇ ಸಲ ತೆರೆದು ನೋಡಿ ‘ಸರಿ’ ಎಂದರೆ ಒಂಬತ್ತರಲ್ಲಿ ನಾಲ್ಕು ಸಲ ಮೋಸ ಹೋಗುತ್ತೇವೆ. ಮೊದಲ ರಾತ್ರಿ ನನ್ನ ತಂಗಿಯ ಮಗಳು ಮಾಡಿದ್ದು ಅದನ್ನೇ. ಹತ್ತು ಸಲ ನೋಡಿದರೆ ಮೋಸ ಹೋಗುವ ಸಾಧ್ಯತೆ ನೂರಕ್ಕೆ ಎರಡಕ್ಕೆ ಇಳಿಯುತ್ತದೆ. ಕೆಟ್ಟದೆನ್ನಲು ಒಂದು ಕಪ್ಪು ಪರದೆ ಸಾಕು; ಸರಿ ಎನ್ನಲು ಮಾತ್ರ ಹತ್ತು ಸಲವೂ ಬೆಳಗಬೇಕು.

ಎರಡನೆಯ ರಾತ್ರಿ ಆ ಕೆಲಸವನ್ನು ಅಮ್ಮಿ ವಹಿಸಿಕೊಂಡರು. ಚಾಪೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಎರಡು ಬಟ್ಟಲು, ಮಡಿಲಲ್ಲಿ ಒಂದು ಹಿಡಿ ಹುಣಸೆ ಬೀಜ. ಮುಚ್ಚುವುದು, ಮೊಮ್ಮಗಳು ಹೇಳಿದಷ್ಟು ಹೊತ್ತು ಕಾಯುವುದು, ತೆರೆಯುವುದು. ಬೆಳಗಿದರೆ ಬಲ ಬಟ್ಟಲಿಗೆ ಒಂದು ಬೀಜ, ಕಪ್ಪಾದರೆ ಎಡ ಬಟ್ಟಲಿಗೆ. ಎಂಟು ಸಲ ಬೆಳಗಿ ಒಂಬತ್ತನೆಯದು ಕಪ್ಪಾದದ್ದೂ ಉಂಟು. “ಸಾಕು ನಾನೀ, ಎಂಟು ಸಲ ಬಂತಲ್ಲ” ಎಂದು ಮೊಮ್ಮಗ ಅವಸರ ಮಾಡಿದರೆ ಅವರು ಕೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವರು ಕೊನೆಯ ಹಿಡಿಯನ್ನು ಹಾಗೇ ಸುರಿಯುತ್ತಾರೆಯೇ ಎಂದು ಕೇಳಿದರು.

ಕರ್ನೆಲ್ ತಯಾರಾಗುವವರೆಗಿನ ಬಿಡುವಿನಲ್ಲಿ ಮಾತು ಬೆಳೆಯಿತು. ಇಂಥ ಕೆಲಸ ಮಾಡುವವರು ಅಮೆರಿಕದವರೇ ಇರಬೇಕು ಎಂದೆ ನಾನು. “ಇಲ್ಲ ಖಾಲಾ” ಎಂದಳು. ನಡೆಯುತ್ತಿರುವ ಕರ್ನೆಲನ್ನು ನಿಲ್ಲಿಸದೆಯೇ ಅದರೊಳಗೆ ಬೇಕಾದ ಕಡೆ ಕಿವಿಗೊಟ್ಟು ಕೇಳುವ ‘ಕೆಪ್ರೋಬ್ಸ್’ ಎಂಬ ಒಂದು ವ್ಯವಸ್ಥೆಯಿದೆಯಂತೆ, ವೈದ್ಯರ ಸ್ಟೆತಸ್ಕೋಪಿನ ಹಾಗೆ. 2004ರಲ್ಲಿ ಲಿನಕ್ಸಿನ 2.6.9 ಆವೃತ್ತಿಗೆ ಅದು ಸೇರಿತು. ಅದನ್ನು ಬಹಳ ವರ್ಷ ನೋಡಿಕೊಂಡವರಲ್ಲಿ ಬೆಂಗಳೂರಿನ ಐಬಿಎಂನಲ್ಲಿದ್ದ ಅನಂತ್ ಮಾವಿನಕಾಯನಹಳ್ಳಿ ಒಬ್ಬರು. ಹೆಸರು ಕೇಳಿ ಅಮ್ಮಿ ನಕ್ಕರು. ಇಷ್ಟು ಹೊತ್ತಿಗೆ ಅವರಿಗೆ ಅರ್ಥವಾದ ಮೊದಲ ಹೆಸರು ಅದು.

ಆಮೇಲೆ ಅವಳು 2019ರ ಒಂದು ಸಂಗತಿ ಹೇಳಿದಳು. ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ. ಆ ವರ್ಷದ ಸೆಪ್ಟೆಂಬರಿನಲ್ಲಿ ಲಿನಕ್ಸ್ 5.3 ಬಿಡುಗಡೆಗೆ ಸಿದ್ಧವಾಗಿತ್ತು. ಕೆಲವೇ ದಿನ ಉಳಿದಿರುವಾಗ ಅಹ್ಮದ್ ದರ್ವೀಶ್ ಎಂಬ ಪ್ರೋಗ್ರಾಮರ್ ತನ್ನ ಲ್ಯಾಪ್‌ಟಾಪ್ ಹೊಸ ಕರ್ನೆಲಿನಲ್ಲಿ ಪೂರ್ತಿ ಏಳುತ್ತಿಲ್ಲ, ನಡುವೆಯೇ ನಿಂತುಬಿಡುತ್ತದೆ ಎಂದು ತಿಳಿಸಿದರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬದಲಾವಣೆಗಳ ಆ ಆವೃತ್ತಿಯಲ್ಲಿ, ಇದೇ ಅರ್ಧದ ಲೆಕ್ಕ ಹಿಡಿದು, ಕಾರಣವಾದ ಒಂದನ್ನು ಅವರು ತೋರಿಸಿಕೊಟ್ಟರು. ವಿಚಿತ್ರವೆಂದರೆ ಅದು ಒಳ್ಳೆಯ ಬದಲಾವಣೆ. ಡಿಸ್ಕಿನಿಂದ ಓದುವ ಕೆಲಸಗಳನ್ನು ಒಟ್ಟುಗೂಡಿಸಿ ಓಡಾಟ ಕಡಿಮೆ ಮಾಡುತ್ತಿತ್ತು. ಒಂದೊಂದೇ ಸಾಮಾನಿಗೆ ಅಂಗಡಿಗೆ ಹೋಗುವ ಬದಲು ಚೀಟಿ ಬರೆದು ಒಮ್ಮೆಗೇ ತರುವಂತೆ.

ಅದರಿಂದ ಯಂತ್ರ ನಿಲ್ಲುವುದೇಕೆ? ಕಂಪ್ಯೂಟರಿಗೆ ಬೀಗಗಳನ್ನು ಮಾಡಲು ಯಾರೂ ಊಹಿಸಲಾಗದ ಸಂಖ್ಯೆಗಳು ಬೇಕು. ಅವುಗಳನ್ನು ಅದು ಕೀಲಿ ಒತ್ತಿದ ಗಳಿಗೆ, ಡಿಸ್ಕ್ ಉತ್ತರ ಕೊಟ್ಟ ಗಳಿಗೆ ಎಂಬಂಥ ಹೆಚ್ಚುಕಡಿಮೆಗಳಿಂದ ಕೂಡಿಸಿಕೊಳ್ಳುತ್ತದೆ. ಡಿಸ್ಕಿನ ಓಡಾಟ ಕಡಿಮೆಯಾದದ್ದರಿಂದ ಆ ಸಂಗ್ರಹವೂ ಕಡಿಮೆಯಾಯಿತು. ಅಷ್ಟರಲ್ಲಿ ಲಾಗಿನ್ ಪರದೆ ತರಬೇಕಾದ ಪ್ರೋಗ್ರಾಮ್ ಅಂಥ ಸಂಖ್ಯೆ ಕೇಳಿತು. ಸಾಕಷ್ಟು ಕೂಡಿದ ಮೇಲೆ ಕೊಡುತ್ತೇನೆ, ಕಾಯಿ ಎಂದಿತು ಕರ್ನೆಲ್. ಯಂತ್ರದಲ್ಲಿ ಬೇರೆ ಯಾವ ಚಟುವಟಿಕೆಯೂ ಇಲ್ಲದೆ ಸಂಗ್ರಹ ಬೆಳೆಯಲಿಲ್ಲ. ಊಟಕ್ಕೆ ಕುಳಿತವರೆಲ್ಲ ಮೊದಲ ತುತ್ತನ್ನು ಇನ್ನೊಬ್ಬರು ಎತ್ತಲೆಂದು ಕಾಯುತ್ತಿದ್ದರೆ ಹೇಗೋ ಹಾಗೆ ಎಲ್ಲವೂ ನಿಂತುಹೋಯಿತು. ಕಾಯಿಸುವ ಆ ಏರ್ಪಾಡು ಮೊದಲಿನಿಂದಲೂ ಇತ್ತು. ಡಿಸ್ಕಿನ ಗದ್ದಲದಲ್ಲಿ ಅದರ ದೋಷ ಕಾಣುತ್ತಿರಲಿಲ್ಲ, ಅಷ್ಟೇ.

ಲೀನಸ್ ಸೆಪ್ಟೆಂಬರ್ 15ರಂದು 5.3 ಬಿಡುಗಡೆ ಮಾಡುವ ಮುನ್ನ ಕೊನೆಯದಾಗಿ ಮಾಡಿದ ಕೆಲಸ ಆ ಒಳ್ಳೆಯ ಬದಲಾವಣೆಯನ್ನು ಹಿಂತೆಗೆದದ್ದು. ಬಿಡುಗಡೆಯ ಪತ್ರದಲ್ಲಿ ಅದನ್ನು ವಿವರವಾಗಿ ಬರೆದರು: ತಾನು ತೆಗೆದದ್ದರಲ್ಲಿ ತಪ್ಪಿಲ್ಲ, ಅದು ತನ್ನ ಕೆಲಸವನ್ನು ಬಹಳ ಚೆನ್ನಾಗಿಯೇ ಮಾಡಿತು; ಬೇರೆಲ್ಲೋ ಇದ್ದ ಹಳೆಯ ದೋಷ ಅದರಿಂದ ಹೊರಬಿತ್ತು. ಆದರೆ ಬಳಸುವವರ ಯಂತ್ರ ನಿಲ್ಲಬಾರದು, ಆದ್ದರಿಂದ ಸದ್ಯಕ್ಕೆ ಹಿಂತೆಗೆಯುತ್ತಿದ್ದೇನೆ ಎಂದು. ನವೆಂಬರ್ 24ರಂದು ಬಂದ 5.4ರಲ್ಲಿ ಹಳೆಯ ದೋಷಕ್ಕೆ ಮದ್ದಾಯಿತು. ಸುಮ್ಮನೆ ಕಾಯುವ ಬದಲು ಕರ್ನೆಲ್ ತಾನೇ ಹೆಚ್ಚುಕಡಿಮೆಗಳನ್ನು ಹುಟ್ಟಿಸಿಕೊಳ್ಳತೊಡಗಿತು. ಹಿಂತೆಗೆದ ಬದಲಾವಣೆ ಮತ್ತೆ ತನ್ನ ಜಾಗಕ್ಕೆ ಬಂತು.

“ಅವರು ಮೊದಲಿನಿಂದಲೂ ಇಷ್ಟು ಸಮಾಧಾನಿಯೇ?” ಎಂದು ನಾನು ಕೇಳಿದೆ. ಅಲ್ಲವಂತೆ. 2012ರ ಡಿಸೆಂಬರಿನಲ್ಲಿ, ಬಳಸುವವರ ಪ್ರೋಗ್ರಾಮುಗಳನ್ನು ಕರ್ನೆಲ್ ಕೆಡಿಸಬಾರದೆಂಬ ಇದೇ ನಿಯಮಕ್ಕಾಗಿ ಒಬ್ಬ ಹಿರಿಯ ಸಹೋದ್ಯೋಗಿಯನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದಿದ್ದರು. ಇಂಥ ಮಾತುಗಳಿಂದ ನೊಂದವರು ಹಲವರು. 2018ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ನಿಂತರು. ನಿಯಮ ಬಿಡಲಿಲ್ಲ, ನಾಲಿಗೆ ತಿದ್ದಿಕೊಂಡರು. ಇದನ್ನು ಕೇಳುವಾಗ ಅಣ್ಣನ ಮಗ ಫ್ಯಾನ್ ತಿರುಗುವುದನ್ನೇ ನೋಡುತ್ತಿದ್ದ.

ಬೆಳಗಿನ ಜಾವದ ಹೊತ್ತಿಗೆ ಹತ್ತನೆಯ ಪರೀಕ್ಷೆ ಮುಗಿಯಿತು. ಈ ಸಲ ಸಿಕ್ಕಿದ್ದು ಪರದೆಗೇ ಸಂಬಂಧಿಸಿದ ಬದಲಾವಣೆ. ಲ್ಯಾಪ್‌ಟಾಪ್ ತೆರೆದಾಗ ಪರದೆ ಎಚ್ಚರಗೊಳ್ಳಲು ಕರ್ನೆಲ್ ಒಂದಿಷ್ಟು ಹೊತ್ತು ಕಾಯುತ್ತದೆ. ಎಷ್ಟು ಕಾಯಬೇಕೆಂದು ಯಂತ್ರ ಮಾಡಿದವರು ಒಳಗೆ ಬರೆದಿಟ್ಟಿರುತ್ತಾರೆ. ಹಿಂದೆ ಕರ್ನೆಲ್ ಅದನ್ನು ನಂಬದೆ ಸ್ವಲ್ಪ ಹೆಚ್ಚೇ ಕಾಯುತ್ತಿತ್ತು. ಬೇಗ ತೆರೆಯಲಿ ಎಂದು ಹೊಸದರಲ್ಲಿ ಬರೆದಷ್ಟೇ ಕಾಯುವಂತೆ ಮಾಡಿದ್ದರು. ಈ ಹಳೆಯ ಯಂತ್ರದಲ್ಲಿ ಬರೆದಿದ್ದ ಲೆಕ್ಕವೇ ತಪ್ಪು. ಪರದೆಗೆ ಅದಕ್ಕಿಂತ ತುಸು ಹೆಚ್ಚು ಹೊತ್ತು ಬೇಕಿತ್ತು. ಅದಕ್ಕೇ ಒಮ್ಮೊಮ್ಮೆ ಏಳುತ್ತಿತ್ತು, ಒಮ್ಮೊಮ್ಮೆ ಇಲ್ಲ. ಅದೊಂದು ಬದಲಾವಣೆಯನ್ನು ಮಾತ್ರ ತೆಗೆದು ಹೊಸ ಕರ್ನೆಲನ್ನು ಮತ್ತೆ ತಯಾರಿಸಿದಳು. ಅಮ್ಮಿ ಮೂವತ್ತು ಸಲ ಮುಚ್ಚಿ ತೆರೆದರು. ಮೂವತ್ತು ಬೀಜವೂ ಬಲ ಬಟ್ಟಲಿನಲ್ಲಿ.

“ಆಪಾ, ಹಾಗಾದರೆ ತಪ್ಪು ಯಾರದು?” ಎಂದ ಅಣ್ಣನ ಮಗ.

“ಕಾರಣ ಸಿಕ್ಕಿತಲ್ಲ. ಇನ್ನು ತಪ್ಪು ಯಾರದಾದರೇನು?” ಎಂದು ಅವಳು ಪತ್ರ ಬರೆಯಲು ಕುಳಿತಳು. ಇಂಥ ದೂರುಗಳು ಸಾವಿರಾರು ಪತ್ರಗಳ ನಡುವೆ ಕಳೆದುಹೋಗದಂತೆ ಪಟ್ಟಿ ಇಟ್ಟು ಬೆನ್ನು ಹತ್ತುವವರೂ ಇದ್ದಾರಂತೆ; ಹಲವು ವರ್ಷಗಳಿಂದ ಆ ಕೆಲಸ ಮಾಡಿರುವ ಜರ್ಮನಿಯ ಥೋರ್ಸ್ಟನ್ ಲೇಮ್‌ಹ್ಯೂಸ್ ವೃತ್ತಿಯಿಂದ ಪತ್ರಕರ್ತರು. ಯಂತ್ರ ಯಾವುದು, ಯಾವ ಆವೃತ್ತಿಯವರೆಗೆ ಸರಿಯಿತ್ತು, ಯಾವುದರಿಂದ ಕೆಟ್ಟಿತು, ಎಷ್ಟು ಸಲಕ್ಕೆ ಎಷ್ಟು ಸಲ, ಇಷ್ಟೇ ಪತ್ರ. ಯಾರನ್ನೂ ದೂರಲಿಲ್ಲ. ಬದಲಾವಣೆ ಮಾಡಿದವರಿಂದ ಮೂರು ದಿನದಲ್ಲಿ ಉತ್ತರ ಬಂತು. ಹಳೆಯ ಯಂತ್ರಗಳಿಗೆ ಕಾಯುವ ಹೊತ್ತನ್ನು ಮೊದಲಿನಂತೆಯೇ ಇಡುವ ಒಂದು ತಿದ್ದುಪಡಿ ಕಳಿಸಿ, ಪರೀಕ್ಷಿಸಿ ನೋಡಿ ಎಂದು ಕೇಳಿದ್ದರು. ಅಷ್ಟರಲ್ಲಿ ಲ್ಯಾಪ್‌ಟಾಪ್ ಕೆ.ಆರ್. ಪೇಟೆಗೆ ಮರಳಿತ್ತು. ಪರೀಕ್ಷಿಸಿದವಳು ನಾಗಮಂಗಲದ ಹುಡುಗಿ.

ಹೌದು, ಅವಳು ಮತ್ತೆ ಕೆಲಸಕ್ಕೆ ಬರುತ್ತಿದ್ದಳು. ಅಣ್ಣನ ಮಗ ಫೋನಿನಲ್ಲಿ ಕರೆಯುವುದು ಬೇಡ, ನಾಗಮಂಗಲಕ್ಕೇ ಹೋಗಿ ಅವಳ ತಾಯಿಯ ಮುಂದೆ ಮಾತಾಡಿ ಬಾ ಎಂದು ಅಮ್ಮಿ ಹೇಳಿದ್ದರು. ಹೋಗಿ ಬಂದ. ಅಲ್ಲಿ ಏನು ಹೇಳಿದನೆಂದು ನಾವು ಕೇಳಲಿಲ್ಲ. ವಿದ್ಯಾರ್ಥಿವೇತನ ತಪ್ಪಿದ ಮಗುವಿಗೆ ಆ ಹಣ ಮತ್ತೆ ಬರಲಿಲ್ಲ. ಮರುವರ್ಷದ ಅರ್ಜಿಯನ್ನು ಮೊದಲ ದಿನವೇ, ಶುಲ್ಕವಿಲ್ಲದೆ, ತುಂಬಿಕೊಟ್ಟರು.

ಕರ್ನೆಲಿನಲ್ಲಿ ಒಂದು ತಿದ್ದುಪಡಿ ಸೇರುವಾಗ, ತೊಂದರೆಯನ್ನು ಮೊದಲು ತಿಳಿಸಿದವರ ಹೆಸರನ್ನು ಅದರ ಕೆಳಗೆ ಒಂದು ಸಾಲಿನಲ್ಲಿ ಬರೆಯುವ ರೂಢಿಯಿದೆ. ತಂಗಿಯ ಮಗಳು ಆ ಸಾಲಿಗೆ ತನ್ನ ಹೆಸರು ಕೊಡಲಿಲ್ಲ. ಟೋಕನ್ ಪುಸ್ತಕದಲ್ಲಿ ಬರೆದಿಟ್ಟವಳ ಹೆಸರು ಕೊಟ್ಟಳು. ಕೆಲವು ವಾರದ ನಂತರ ಅಂಗಡಿಯ ಅದೇ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು ತೋರಿಸಿದರಂತೆ. ಹುಡುಗಿ ಬಹಳ ಹೊತ್ತು ನೋಡುತ್ತ ಕುಳಿತಿದ್ದು, ಆಮೇಲೆ ಬೆಂಗಳೂರಿಗೆ ಫೋನ್ ಮಾಡಿ ಒಂದೇ ಒಂದು ಮಾತು ಕೇಳಿದಳು: “ಆಪಾ, ಹೆಸರಿನ ಮುಂದೆ ನಮ್ಮ ಅಬ್ಬಾರ ಇನಿಷಿಯಲ್ ಬಿಟ್ಟುಹೋಗಿದೆ. ಈಗ ಸೇರಿಸಲು ಆಗುತ್ತದೆಯೇ?”

ಒಮ್ಮೆ ಸೇರಿದ ದಾಖಲೆಯನ್ನು ತಿದ್ದಲು ಬರುವುದಿಲ್ಲವಂತೆ. ಮುಂದಿನ ಸಲ ಹಾಕೋಣ ಎಂದಿದ್ದಾಳೆ.